ಕರೆಂಟ್ ಹೋದಾಗ ಹಾಬೂ ಟೇಬಲ್ಲೂ ಒಟ್ಟಿಗೆ ನಿಲ್ಲಬೇಕು

ಪೀಣ್ಯ ಎರಡನೇ ಹಂತದ ಒಂದು ಸಣ್ಣ ಗೇರ್ ಕಾರ್ಖಾನೆಯ ಹಳೇ ಹಾಬಿಂಗ್ ಮಷೀನಿಗೆ ನಾನು ಸರ್ವೋ, ಅಂದರೆ ಹೇಳಿದಷ್ಟೇ ಕರಾರುವಾಕ್ಕಾಗಿ ತಿರುಗುವ ಮೋಟರು, ಹಾಕಿಕೊಟ್ಟಿದ್ದೆ. ಹಾಬ್ ಅಂದರೆ ತಿರುಗುತ್ತಾ ಗೇರಿನ ಹಲ್ಲು ಕಡಿಯುವ ಕಟರ್. ಒಳಗಿನ ಚೇಂಜ್ ಗೇರುಗಳನ್ನೆಲ್ಲ ತೆಗೆದು ನಾಲ್ಕು ಮೋಟರ್ ಕೂರಿಸಿದೆ: ಹಾಬಿಗೊಂದು, ಜಾಬ್ (ಕಡಿಯಬೇಕಾದ ಗೇರು) ಕೂರುವ ಟೇಬಲ್ಲಿಗೊಂದು, ಮೇಲೆ ಕೆಳಗೆ ಓಡುವ ಸ್ಲೈಡಿಗೊಂದು, ಹಾಬನ್ನು ಜಾಬಿನಿಂದ ಹಿಂದಕ್ಕೆ ಎಳೆಯಲು ಇನ್ನೊಂದು. ಆರು ತಿಂಗಳು ಚೆನ್ನಾಗೇ ಓಡಿತು. ಏಪ್ರಿಲ್ ಕೊನೆಗೆ ಮಳೆ ಶುರುವಾಯಿತು. ಒಂದು ಸಂಜೆ ಗುಡುಗಿತು, ಕರೆಂಟ್ ಹೋಯಿತು, ಹಿಂದೆಯೇ ಆಪರೇಟರ್ ಫೋನ್ ಬಂತು: "ಸಾರ್, ಹಾಬ್ ಹಲ್ಲು ಹಾರೋಗಿದೆ. ಜಾಬೂ ಸ್ಕ್ರ್ಯಾಪು."

ಹಳೇ ಮಷೀನಿನಲ್ಲಿ ಈ ಕಾಟವೇ ಇರಲಿಲ್ಲ. ಹಾಬು, ಟೇಬಲ್ಲು ಗೇರಿನಿಂದಲೇ ಕಟ್ಟಿಕೊಂಡಿದ್ದವು. ಕರೆಂಟ್ ಹೋದರೆ ಎರಡೂ ಒಟ್ಟಿಗೆ ನಿಧಾನವಾಗುತ್ತಿದ್ದವು. ಆ ಕಟ್ಟನ್ನು ಬಿಚ್ಚಿದವನು ನಾನೇ. 40 ಹಲ್ಲಿನ ಗೇರು ಕಡಿಯುವಾಗ ಒಂದೆಳೆ (ಒಂದೇ ಸುರುಳಿಯ) ಹಾಬ್ 40 ಸುತ್ತು ತಿರುಗಿದರೆ ಟೇಬಲ್ ಸರಿಯಾಗಿ ಒಂದು ಸುತ್ತು ತಿರುಗಬೇಕು. ಈಗ ಈ ಲೆಕ್ಕ ಇಡುವುದು ಡ್ರೈವುಗಳು, ಅಂದರೆ ಮೋಟರುಗಳನ್ನು ಓಡಿಸುವ ಎಲೆಕ್ಟ್ರಾನಿಕ್ ಡಬ್ಬಿಗಳು. ವೋಲ್ಟೇಜ್ ಕುಸಿದಾಗ ಪ್ರತಿ ಡ್ರೈವೂ ತನ್ನ ಪಾಡಿಗೆ ತಾನು ಟ್ರಿಪ್ ಆಗಿತ್ತು. ವರ್ಮ್ ಗೇರಿನ ಟೇಬಲ್ ಗಕ್ಕನೆ ನಿಂತಿತು. ಭಾರದ ಹಾಬ್ ಇನ್ನೂ ತಿರುಗುತ್ತಿತ್ತು. ಹಲ್ಲು ಹಾರದೆ ಇನ್ನೇನಾಗುತ್ತೆ?

ಓನರ್ ಕೇಳಿದರು, "ಒಂದು ದೊಡ್ಡ ಯುಪಿಎಸ್ ಹಾಕಿಬಿಟ್ರೆ ಆಯ್ತಲ್ವಾ?" ಆಗುತ್ತೆ. ಆದರೆ ಹಾಬ್ ಮೋಟರನ್ನೂ ಹೊರುವ ಯುಪಿಎಸ್ ಅಂದರೆ ಬ್ಯಾಟರಿಗೇ ಒಂದು ಬೀರು ಬೇಕು, ಅವನ್ನು ಆಗಾಗ ಬದಲಾಯಿಸಬೇಕು. ನಮಗೆ ಬೇಕಿದ್ದದ್ದು ಒಂದು ಸೆಕೆಂಡಿನಷ್ಟು ಶಕ್ತಿ. ಅದು ಮಷೀನಿನಲ್ಲೇ ತಿರುಗುತ್ತಿತ್ತು.

ಸಣ್ಣ ಲೆಕ್ಕ ಹೇಳುತ್ತೇನೆ. 415 ವೋಲ್ಟ್ ಮೂರು ಫೇಸಿನಲ್ಲಿ ಡಿಸಿ ಬಸ್ (ಡ್ರೈವಿನೊಳಗೆ ಎಸಿಯನ್ನು ಡಿಸಿ ಮಾಡಿ ಮೋಟರಿಗೆ ಕೊಡುವ ಲೈನು) ಸುಮಾರು 560 ವೋಲ್ಟ್. ನಾಲ್ಕೂ ಡ್ರೈವಿನ ಕೆಪಾಸಿಟರ್ ಸೇರಿ 3000 ಮೈಕ್ರೋಫ್ಯಾರಡ್. 560ರಿಂದ 400ಕ್ಕೆ ಇಳಿಯುವಷ್ಟರಲ್ಲಿ ಸಿಗುವುದು 230 ಜೂಲ್. ಕಟಿಂಗ್ ನಡೆಯುವಾಗ 2 ಕಿಲೋವ್ಯಾಟ್ ಎಳೆದರೆ ಇದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕೆ ಮುಗಿಯಿತು. ಆದರೆ ಹಾಬ್ ಮೋಟರ್ 1500 ಆರ್‌ಪಿಎಂನಲ್ಲಿದೆ, ತಿರುಗುವ ಭಾಗಗಳ ಒಟ್ಟು ಇನರ್ಷಿಯಾ (ಜಡತ್ವ) 0.05 ಕೆಜಿ-ಚದರ ಮೀಟರ್. ಅದರಲ್ಲಿ 600 ಜೂಲಿಗಿಂತ ಜಾಸ್ತಿ ಇದೆ. ಹಾಬನ್ನು ಬ್ರೇಕ್ ಮಾಡಿದರೆ ಮೋಟರ್ ಜನರೇಟರ್ ಆಗಿ ಆ ಶಕ್ತಿ ಬಸ್ಸಿಗೆ ವಾಪಸ್ ಬರುತ್ತೆ, ಉಳಿದ ಮೂರು ಮೋಟರುಗಳು ಅದನ್ನೇ ಉಣ್ಣುತ್ತವೆ. ಇದಕ್ಕೆ ನಾಲ್ಕೂ ಡ್ರೈವಿನ ಡಿಸಿ ಟರ್ಮಿನಲ್ ಜೋಡಿಸಬೇಕು. ಡ್ರೈವಿನ ಮ್ಯಾನುವಲ್ ಒಪ್ಪಿದರೆ ಮಾತ್ರ, ಅದು ಹೇಳಿದ ಫ್ಯೂಸ್ ಹಾಕಿಯೇ. ಸುಮ್ನೆ ವೈರ್ ಎಳೆದು ಜೋಡಿಸಿದರೆ ಡ್ರೈವ್ ಸುಟ್ಟೀತು.

ಪ್ರೋಗ್ರಾಮಿನಲ್ಲಿ ಒಂದು ವರ್ಚುಯಲ್ ಆಕ್ಸಿಸ್, ಅಂದರೆ ಲೆಕ್ಕದಲ್ಲಷ್ಟೇ ತಿರುಗುವ ಮೋಟರು, ಮಾಡಿದೆ. ಹಾಬೂ ಟೇಬಲ್ಲೂ ಅದನ್ನೇ ಹಿಂಬಾಲಿಸುತ್ತವೆ. ಬಸ್ 470 ವೋಲ್ಟಿಗಿಂತ ಇಳಿದರೆ ಸ್ಲೈಡಿನ ಫೀಡ್ ನಿಲ್ಲಬೇಕು, ಹಾಬ್ 7 ಮಿಲಿಮೀಟರ್ ಹಿಂದಕ್ಕೆ ಬರಬೇಕು, ವರ್ಚುಯಲ್ ಆಕ್ಸಿಸಿನ ವೇಗ 0.6 ಸೆಕೆಂಡಿನಲ್ಲಿ ಸೊನ್ನೆಗೆ ಇಳಿಯಬೇಕು. 7 ಯಾಕೆ ಅಂದರೆ ನಾವು ಕಡಿಯುವುದು 3 ಮಾಡ್ಯೂಲ್ (ಹಲ್ಲಿನ ಗಾತ್ರದ ಅಳತೆ). ಹಲ್ಲಿನ ಆಳ 6.75 ಮಿಲಿಮೀಟರ್.

ಕಾಗದದ ಮೇಲೆ ಚೆನ್ನಾಗಿತ್ತು. ಖಾಲಿ ಓಡಿಸಿ ಮೇನ್ ಸ್ವಿಚ್ ಎಳೆದೆ. ಮತ್ತೆ ಅದೇ ಕಥೆ, ಹಾಬ್ ಒಂದು ಕಡೆ, ಟೇಬಲ್ ಇನ್ನೊಂದು ಕಡೆ. ಎರಡು ದಿನ ಪ್ರೋಗ್ರಾಮನ್ನೇ ಬೈದುಕೊಂಡೆ. ಮೂರನೇ ದಿನ ಡ್ರೈವಿನ ಟ್ರೇಸ್ (ಯಾವಾಗ ಏನಾಯಿತು ಅನ್ನುವ ದಾಖಲೆ) ತೆಗೆದು ನೋಡಿದರೆ ಬಸ್ಸಿನಲ್ಲಿ ಇನ್ನೂ 520 ವೋಲ್ಟ್ ಇರುವಾಗಲೇ ಎಸ್‌ಟಿಒ (ಸೇಫ್ ಟಾರ್ಕ್ ಆಫ್) ಬಿದ್ದಿದೆ. ಎಸ್‌ಟಿಒ ಬಿದ್ದರೆ ಮೋಟರಿನ ಟಾರ್ಕ್, ಅಂದರೆ ತಿರುಗಿಸುವ ಬಲ, ಅಲ್ಲಿಗೆ ಖಲಾಸ್. ಯಾಕೆ ಬಿತ್ತು? ಎಮರ್ಜೆನ್ಸಿ ಸ್ಟಾಪಿನ ಸೇಫ್ಟಿ ರಿಲೇಗೆ ನಾನು 230 ವೋಲ್ಟ್ ಎಸಿ ಕೊಟ್ಟಿದ್ದೆ. ಮೇನ್ಸ್ ಹೋದ ತಕ್ಷಣ ಎಲ್ಲರಿಗಿಂತ ಮೊದಲು ರಿಲೇ ಬಿಡುತ್ತಿತ್ತು. ಬೇರೆ ಯಾರಾದರೂ ಹೀಗೆ ವೈರಿಂಗ್ ಮಾಡಿದ್ದರೆ ನಾನೇ ನಗುತ್ತಿದ್ದೆ.

24 ವೋಲ್ಟ್ ರಿಲೇ ಹಾಕಿದೆ. ಡ್ರೈವಿನ ಕಂಟ್ರೋಲ್, ಪ್ರೋಗ್ರಾಮ್ ಓಡಿಸುವ ಪಿಎಲ್‌ಸಿ, ರಿಲೇ ಮೂರಕ್ಕೂ ಬಫರ್ ಮಾಡ್ಯೂಲ್ (ಕರೆಂಟ್ ಹೋದರೂ ಸ್ವಲ್ಪ ಹೊತ್ತು ವೋಲ್ಟೇಜ್ ಹಿಡಿದಿಡುವ ಡಬ್ಬಿ) ದಾಟಿದ 24 ವೋಲ್ಟ್ ಕೊಟ್ಟೆ. 24 ವೋಲ್ಟ್ ಮಾಡಿಕೊಡುವ ಎಸ್‌ಎಂಪಿಎಸ್ ಒಂದನ್ನೇ ನಂಬಿದರೆ ಪೂರ್ತಿ ಲೋಡಿನಲ್ಲಿ 20 ಮಿಲಿಸೆಕೆಂಡ್ ಆಸುಪಾಸು ಸಿಗುತ್ತೆ, ಅಷ್ಟೇ. ಎಮರ್ಜೆನ್ಸಿ ಬಟನ್ ಒತ್ತಿದಾಗಲೂ ಮೊದಲು ವೇಗ ಹದವಾಗಿ ಇಳಿಯುವ ರ‍್ಯಾಂಪಿನಲ್ಲಿ ನಿಂತು ಆಮೇಲೆ ಎಸ್‌ಟಿಒ ಬೀಳುವ ಹಾಗೆ ಬದಲಾಯಿಸಿದೆ. ಮಷೀನುಗಳ ವಿದ್ಯುತ್ ಸುರಕ್ಷತೆಯ ಮಾನದಂಡ ಐಇಸಿ 60204-1ರಲ್ಲಿ ಇದನ್ನು ಸ್ಟಾಪ್ ಕೆಟಗರಿ 1 ಅನ್ನುತ್ತಾರೆ.

ಸ್ಲೈಡಿನದು ಬೇರೆ ತಕರಾರು. ಅದು ನೇರ ನಿಂತ ಸ್ಲೈಡು, ಭಾರಕ್ಕೆ ಕೆಳಗೆ ಜಾರುತ್ತೆ. ಮೋಟರ್ ಬ್ರೇಕಿನ ಸ್ಪ್ರಿಂಗ್ ಕಚ್ಚಲು 100 ಮಿಲಿಸೆಕೆಂಡ್ ಬೇಕು. ಅಲ್ಲಿಯವರೆಗೆ ಡ್ರೈವೇ ಹಿಡಿದಿರಬೇಕು. ಹಾಬ್ ನಿಧಾನವಾದ ಮೇಲೆ ಅದರಿಂದ ಶಕ್ತಿ ಬರುವುದಿಲ್ಲ. ಅದಕ್ಕೇ ಫೀಡ್ ನಿಂತ ಕೂಡಲೇ ಬ್ರೇಕ್ ಹಾಕಿಸಿಬಿಟ್ಟೆ. ಮೊದಲು ಎಲ್ಲ ಮುಗಿದ ಮೇಲೆ ಹಾಕಿಸುತ್ತಿದ್ದೆ, ಒಂದೆರಡು ಮಿಲಿಮೀಟರ್ ಜಾರುತ್ತಿತ್ತು.

ರ‍್ಯಾಂಪನ್ನೂ ಹದ ಮಾಡಬೇಕಾಯಿತು. 0.3 ಸೆಕೆಂಡ್ ಇಟ್ಟಾಗ ಬಸ್ 780ರ ಹತ್ತಿರ ಏರಿ ಬ್ರೇಕ್ ರೆಸಿಸ್ಟರ್ ಬಿಸಿಯಾಯಿತು. ಬೇಕಾದ ಶಕ್ತಿಯನ್ನು ಸುಮ್ನೆ ಸುಟ್ಟ ಹಾಗೆ. 1.5 ಸೆಕೆಂಡ್ ಇಟ್ಟರೆ ಹಾಬ್ ನಿಲ್ಲುವ ಮೊದಲೇ ಬಸ್ ಸತ್ತಿತು. 0.6 ಸರಿಹೋಯಿತು.

ಇನ್ನೊಂದು ವಿಷಯ. ಕರೆಂಟ್ ಅರೆಗಳಿಗೆ ಹೋಗಿ ವಾಪಸ್ ಬರುವುದು ಇಲ್ಲಿ ಮಾಮೂಲು. ಒಮ್ಮೆ ನಿಲ್ಲಲು ಶುರು ಮಾಡಿದರೆ, ನಡುವೆ ಕರೆಂಟ್ ಬಂದರೂ ಪೂರ್ತಿ ನಿಂತೇ ನಿಲ್ಲಬೇಕು. ಮೇನ್ ಕಾಂಟ್ಯಾಕ್ಟರನ್ನೂ ತಾನಾಗೇ ಸೇರಲು ಬಿಡಲಿಲ್ಲ. ಆಪರೇಟರ್ ನೋಡಿ, ರೀಸೆಟ್ ಒತ್ತಿದ ಮೇಲೇ ಮುಂದಿನ ಮಾತು.

ಮೊದಲು ನೈಲಾನ್ ತುಂಡು, ಆಮೇಲೆ ಸ್ಕ್ರ್ಯಾಪ್ ಆದ ಜಾಬ್ ಹಾಕಿ ನಡು ಕಟಿಂಗಿನಲ್ಲಿ ಹತ್ತು ಸಲ ಸ್ವಿಚ್ ಎಳೆದೆವು. ಪ್ರತಿ ಸಲವೂ ಹಾಬ್ ಹಿಂದಕ್ಕೆ ಬಂದು ನಿಂತಿತು. ಮುಂದಿನ ವಾರ ನಿಜವಾಗಿಯೇ ಕರೆಂಟ್ ಹೋದಾಗ ಆಪರೇಟರ್ ಫೋನೇ ಮಾಡಲಿಲ್ಲ. ಕರೆಂಟ್ ಬಂದ ಮೇಲೆ ಅದೇ ಹಲ್ಲಿಗೆ ಹಾಬ್ ಹಿಡಿಸಿ, ಜಾಬ್ ಮುಗಿಸಿ, ಬಸ್ ಹಿಡಿದು ಮನೆಗೆ ಹೋಗಿದ್ದ.