ಮೊದಲು ರಿಪೇರಿ, ಆಮೇಲೆ ಪೂರ್ತಿ ಬದಲಿ: ನನ್ನ ಹಳೇ ರೇವಾದ ಬ್ಯಾಟರಿ

ಚಾಮುಂಡಿ ಬೆಟ್ಟ ಅರ್ಧ ಹತ್ತಿದ್ದೆವು. ಮೀಟರಿನಲ್ಲಿ 42% ಚಾರ್ಜ್ ಇತ್ತು. ಒಂದು ತಿರುವು ದಾಟಿದ್ದೇ ತಡ, 9ಕ್ಕೆ ಇಳಿಯಿತು. ಇನ್ನೊಂದು ತಿರುವಿಗೆ ಕಾರೇ ನಿಂತುಹೋಯಿತು. ಹೆಂಡತಿ ಒಂದು ಮಾತೂ ಆಡಲಿಲ್ಲ, ಬೈದಿದ್ದರೇ ವಾಸಿ ಇತ್ತು. ಹತ್ತು ನಿಮಿಷ ಸುಮ್ನೆ ಕೂತು ಮತ್ತೆ ಕೀ ತಿರುಗಿಸಿದರೆ 35%! ಮೇಲೆ ಹೋಗುವ ಧೈರ್ಯ ಬರಲಿಲ್ಲ, ಹಾಗೇ ಇಳಿದು ಮನೆಗೆ ಬಂದೆವು.

ನಾನು ಮೈಸೂರಿನಲ್ಲಿ ಯುಪಿಎಸ್ ಬ್ಯಾಟರಿ ಕೆಲಸ ಮಾಡುವವನು. ಹಾಗಾಗಿ ಈ ಆಟ ಹೊಸದಲ್ಲ. ಲೋಡ್ ಬಿದ್ದಾಗ ಕುಸಿದು, ಬಿಟ್ಟರೆ ಎದ್ದು ಕೂರುವುದು ಅಂದರೆ ಬ್ಯಾಟರಿಯೊಳಗೆ ಸಾಲಾಗಿ ಕಟ್ಟಿದ ಸೆಲ್‌ಗಳಲ್ಲಿ ಯಾವುದೋ ಒಂದು ಸೋತಿದೆ ಅಂತಲೇ ಅರ್ಥ.

ಕಾರು ರೇವಾ. 2001ರಲ್ಲಿ ಬೆಂಗಳೂರಿನಿಂದ ರಸ್ತೆಗೆ ಬಂತಲ್ಲ, ಅದೇ ಪುಟ್ಟ ಎಲೆಕ್ಟ್ರಿಕ್ ಕಾರು. ಮೂಲದಲ್ಲಿ ಅದಕ್ಕೆ ಮುಂದಿನ ಸೀಟಿನ ಕೆಳಗೆ 6 ವೋಲ್ಟಿನ ಎಂಟು ಲೆಡ್ ಆಸಿಡ್ ಬ್ಯಾಟರಿ, ಒಟ್ಟು 48 ವೋಲ್ಟ್, ಡಿಸ್ಟಿಲ್ಡ್ ವಾಟರ್ ಹಾಕುತ್ತಾ ಇರಬೇಕಿತ್ತು. ನಾನು 2021ರಲ್ಲಿ ಕೊಳ್ಳುವಷ್ಟರಲ್ಲಿ ಹಿಂದಿನ ಓನರ್ ಅದನ್ನೆಲ್ಲ ತೆಗೆಸಿ, 200 ಎಎಚ್‌ನ (ಆಂಪಿಯರ್-ಅವರ್, ಸೆಲ್ಲಿನ ಹೊಟ್ಟೆ ಎಷ್ಟು ಹಿಡಿಸುತ್ತದೆ ಅನ್ನೋ ಅಳತೆ) 16 ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಹಾಕಿಸಿದ್ದರು. ಅದಕ್ಕೂ ಆರೇಳು ವರ್ಷ ಆಗಿತ್ತು. ಹೊಸದರಲ್ಲಿ 100 ಕಿಮೀ ಓಡುತ್ತಿತ್ತಂತೆ. ನನಗೆ 2022ರಲ್ಲಿ ಸಿಗುತ್ತಿದ್ದದ್ದು 38.

ಆ ಸೆಲ್‌ಗಳನ್ನು ಸೇರಿಸಿ ಬ್ಯಾಟರಿ ಪ್ಯಾಕ್ ಮಾಡಿಕೊಟ್ಟ ಅಂಗಡಿಗೆ ಫೋನ್ ಮಾಡಿದೆ. "ಸಾರ್, ಪೂರ್ತಿ ಬದಲಾಯಿಸಬೇಕು, 3.2 ಲಕ್ಷ, ಮೇಲೆ ಜಿಎಸ್‌ಟಿ" ಅಂದರು. ಬಿಚ್ಚಿ ನೋಡೋದೂ ಇಲ್ಲ, ಅಳೆಯೋದೂ ಇಲ್ಲ. ಆ ದುಡ್ಡಿಗೆ ಅಂಥ ಎರಡು ಕಾರು ಬರುತ್ತಿತ್ತು.

ಸರಿ, ನಾನೇ ಬಿಚ್ಚಿದೆ. 48 ವೋಲ್ಟಿನಿಂದ ಶಾಕ್ ಹೊಡೆದು ಸಾಯುವುದು ಕಷ್ಟ, ಆದರೆ ಸ್ಪ್ಯಾನರ್ ಜಾರಿ ಎರಡು ಟರ್ಮಿನಲ್ ಮೇಲೆ ಬಿದ್ದರೆ ಸಾವಿರಾರು ಆಂಪಿಯರ್ ಹರಿದು ಕಬ್ಬಿಣವೇ ಕರಗುತ್ತದೆ. ಸ್ಪ್ಯಾನರ್‌ಗಳ ಹಿಡಿಗೆಲ್ಲ ಇನ್ಸುಲೇಶನ್ ಟೇಪ್ ಸುತ್ತಿದೆ, ವಾಚು, ಉಂಗುರ ತೆಗೆದಿಟ್ಟೆ. ಮದುವೆ ಉಂಗುರ ಎಲ್ಲಿಟ್ಟೆ ಅಂತ ಆಮೇಲೆ ಎರಡು ದಿನ ಹುಡುಕಿದ್ದು ಬೇರೆ ಕಥೆ.

ಎಲ್ಲರೂ ಎಡವುವ ಜಾಗ ಒಂದಿದೆ. ಮಲ್ಟಿಮೀಟರ್ ಹಿಡಿದು ಸುಮ್ಮನೆ ನಿಂತಿರುವ ಸೆಲ್‌ಗಳ ವೋಲ್ಟೇಜ್ ನೋಡಿದರೆ ಹದಿನಾರೂ 3.29, 3.30 ತೋರಿಸುತ್ತವೆ. "ಎಲ್ಲಾ ಚೆನ್ನಾಗಿದೆ" ಅಂತ ಮುಚ್ಚಿಬಿಡುತ್ತೀರಿ. ಈ ಜಾತಿಯ ಸೆಲ್ ಹಾಗೇ, ಹೊಟ್ಟೆ ಅರ್ಧ ಖಾಲಿ ಆದರೂ ಮುಖದಲ್ಲಿ ತೋರಿಸುವುದಿಲ್ಲ. ನೋಡಬೇಕಾದ್ದು ಎರಡು ತುದಿಯಲ್ಲಿ: ಪೂರ್ತಿ ತುಂಬುವಾಗ ಮತ್ತು ಲೋಡ್ ಹಾಕಿ ಖಾಲಿ ಮಾಡುವಾಗ. ತುಂಬುವಾಗಲೂ ಎಲ್ಲರಿಗಿಂತ ಹಿಂದೆ ಉಳಿದು, ಖಾಲಿಯಾಗುವಾಗ ಎಲ್ಲರಿಗಿಂತ ಮೊದಲು ಬೀಳುವ ಸೆಲ್ ಕೆಟ್ಟಿರಲೇಬೇಕು ಅಂತಿಲ್ಲ. ಅದರಲ್ಲಿ ಚಾರ್ಜ್ ಕಡಿಮೆ ಇದೆ ಅಷ್ಟೇ, ಪವರ್ ಸಪ್ಲೈ ಇಟ್ಟು ಅದೊಂದಕ್ಕೇ ತುಂಬಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ತುಂಬುವಾಗ ಎಲ್ಲರಿಗಿಂತ ಮೊದಲು 3.65 ವೋಲ್ಟಿಗೆ, ಅಂದರೆ ತುಂಬುವ ಮಿತಿಗೆ ಹಾರಿ, ಖಾಲಿಯಾಗುವಾಗಲೂ ಮೊದಲು ಬೀಳುವ ಸೆಲ್ ಇದೆಯಲ್ಲ, ಅದರ ಹೊಟ್ಟೆಯೇ ಕುಗ್ಗಿದೆ. ಅದಕ್ಕೆ ಮದ್ದಿಲ್ಲ. ಲಿಥಿಯಂ ಸೆಲ್ಲಿಗೆ ಜೀವ ಬರಿಸುತ್ತೇವೆ ಅಂತ ಪೌಡರ್, ಮಿಷನ್ ಮಾರುವವರು ಸಿಕ್ಕರೆ ದುಡ್ಡು ಕೊಡಬೇಡಿ.

ನನ್ನದರಲ್ಲಿ ನಾಲ್ಕು ಸೆಲ್ ಮೊದಲನೇ ಥರ, ಎರಡು ಎರಡನೇ ಥರ. ಖಾತ್ರಿ ಮಾಡಿಕೊಳ್ಳಲು ಒಂದೊಂದನ್ನೂ ಬೇರೆ ಮಾಡಿ ತುಂಬಿಸಿ, 40 ಆಂಪಿಯರ್ ಲೋಡ್ ಹಾಕಿ, 2.5 ವೋಲ್ಟ್ ಬರುವವರೆಗೆ ಖಾಲಿ ಮಾಡಿ ಬರೆದುಕೊಂಡೆ. ಅಂಗಡಿ ಕೆಲಸದ ಮಧ್ಯೆ ಎರಡು ವಾರ ಹಿಡಿಯಿತು. ಹದಿನಾಲ್ಕು ಸೆಲ್ 148ರಿಂದ 162 ಎಎಚ್ ಕೊಟ್ಟವು. ಉಳಿದೆರಡು 92, 101. ಎಲ್ಲ ಒಂದೇ ಸರಪಳಿಯಲ್ಲಿ ಇರುವುದರಿಂದ 92ರದ್ದು ಮುಗಿದಾಗ ಎಲ್ಲರದ್ದೂ ಮುಗಿದ ಹಾಗೆ. ಪಕ್ಕದವನಲ್ಲಿ 60 ಎಎಚ್ ಉಳಿದಿದ್ದರೂ ತೆಗೆಯೋಕೆ ಆಗಲ್ಲ.

ಎರಡು ಹೊಸ ಸೆಲ್ ಹಾಕಿಬಿಡೋಣ ಅಂತ ಮೊದಲು ಅನಿಸಿತು. ಯೋಚನೆ ಮಾಡಿದರೆ ಅದು ಮುದಿ ಎತ್ತುಗಳ ಪಕ್ಕ ಹೋರಿ ಕಟ್ಟಿದ ಹಾಗೆ, ಗಾಡಿ ಮುದಿ ಎತ್ತಿನ ವೇಗಕ್ಕೇ ಹೋಗುವುದು. ಹೋರಿಗೆ ಕೊಟ್ಟ ದುಡ್ಡು ದಂಡ. ಅಷ್ಟರಲ್ಲಿ ಬೆಂಗಳೂರಿನಲ್ಲಿ ಒಬ್ಬರು ಇದೇ ಥರದ ಕಾರು ಗುಜರಿಗೆ ಹಾಕುತ್ತಿದ್ದರು, ಅದೇ ಮಾದರಿಯ ಸೆಲ್. ಟೆಸ್ಟರ್ ತೆಗೆದುಕೊಂಡೇ ಹೋಗಿ, ಇಂಟರ್ನಲ್ ರೆಸಿಸ್ಟೆನ್ಸ್ (ಸೆಲ್ಲಿನ ಒಳಗಿನ ತಡೆ) ನೋಡಿ, ಉಬ್ಬದೇ ಇರುವ ಮೂರು ಆರಿಸಿ ತಂದೆ, ಒಂದಕ್ಕೆ 3500 ರೂಪಾಯಿ. ಎರಡು ಹಾಕಿದೆ, ಒಂದು ಸ್ಪೇರ್. ಬಸ್ ಬಾರ್‌ಗಳನ್ನು, ಅಂದರೆ ಸೆಲ್‌ಗಳನ್ನು ಜೋಡಿಸುವ ಲೋಹದ ಪಟ್ಟಿಗಳನ್ನು, ಸ್ಕಾಚ್ ಬ್ರೈಟ್‌ನಲ್ಲಿ ತಿಕ್ಕಿ, ಬೇಕಾದಷ್ಟೇ ಬಿಗಿಯಲು ಬರುವ ಟಾರ್ಕ್ ರೆಂಚ್‌ನಲ್ಲಿ ಬಿಗಿ ಮಾಡಿದೆ. ಒಂದು ನಟ್ ಲೂಸ್ ಇದ್ದರೂ ಅಲ್ಲಿ ಬಿಸಿಯಾಗಿ ಪ್ಲಾಸ್ಟಿಕ್ ಕರಗುತ್ತದೆ.

ಎಲ್ಲಾ ಸೇರಿ ಹದಿನಾಲ್ಕು ಸಾವಿರ ಆಯಿತು. ಕಾರು 70 ಕಿಮೀ ಓಡಿತು. ಬೆಟ್ಟಕ್ಕೂ ಹೋಗಿ ಬಂದೆವು, ಪೂಜೆ ಬಾಕಿ ಇತ್ತಲ್ಲ.

ಒಂದು ವರ್ಷ ಆರಾಮು. ಆಮೇಲೆ ಸಾಲಿನಲ್ಲಿ ಐದನೇ ನಂಬರಿನ ಸೆಲ್ ಹೋಯಿತು, ಸ್ಪೇರ್ ಹಾಕಿದೆ. ನಾಲ್ಕು ತಿಂಗಳಿಗೆ ಹದಿಮೂರನೆಯದು ಉಬ್ಬಿತು. ಒಂದೇ ದಿನ ಹುಟ್ಟಿ, ಒಂದೇ ಬಿಸಿಲಲ್ಲಿ ಬೆಂದವು, ಒಟ್ಟಿಗೇ ಮುದಿಯಾಗಿದ್ದವು. ಒಂದೊಂದನ್ನೇ ಬದಲಾಯಿಸುತ್ತಾ ಹೋದರೆ ಪ್ರತಿ ಮೂರು ತಿಂಗಳಿಗೊಮ್ಮೆ ಸೀಟು ಬಿಚ್ಚುವ ಕೆಲಸ. ನಿಲ್ಲಿಸಿದೆ.

2024ರಲ್ಲಿ 16 ಹೊಸ ಸೆಲ್ ತರಿಸಿದೆ, 280 ಎಎಚ್‌ನವು. 2022ರಲ್ಲಿ ಲಿಥಿಯಂ ಬೆಲೆ ನೆತ್ತಿಗೇರಿತ್ತು, ಈಗ ಚೆನ್ನಾಗಿ ಇಳಿದಿತ್ತು. ಸೆಲ್, ಹೊಸ ಬಿಎಂಎಸ್ (ಸೆಲ್‌ಗಳ ವೋಲ್ಟೇಜ್ ಕಾಯುವ ಸರ್ಕ್ಯೂಟ್) ಎಲ್ಲಾ ಸೇರಿ ಒಂದೂವರೆ ಲಕ್ಷದೊಳಗೆ ಮುಗಿಯಿತು. ಹಾಗಾಗಿ ರಿಪೇರಿಗೆ ಹಾಕಿದ ಹದಿನಾಲ್ಕು ಸಾವಿರ ದಂಡ ಅಂತ ನನಗೆ ಅನಿಸುವುದೇ ಇಲ್ಲ, ಅದು ಕಾಯೋಕೆ ಕೊಟ್ಟ ಬಾಡಿಗೆ. ತಮಾಷೆ ಅಂದರೆ ಹೊಸ 280ರ ಸೆಲ್ ಹಳೇ 200ರದ್ದಕ್ಕಿಂತ ಚಿಕ್ಕದು. ಪೆಟ್ಟಿಗೆಯಲ್ಲಿ ಉಳಿದ ಜಾಗಕ್ಕೆ ಫೈಬರ್ ಶೀಟ್ ತುಂಬಿ ಅಲ್ಲಾಡದ ಹಾಗೆ ಬಿಗಿದೆ. ಟರ್ಮಿನಲ್ ಮಾತ್ರ ಮೆತ್ತಗಿನ ಅಲ್ಯೂಮಿನಿಯಂ. ಒಂದರ ಥ್ರೆಡ್ ಕಿತ್ತುಕೊಂಡೆ, ನನ್ನದೇ ತಪ್ಪು, ಟಾರ್ಕ್ ರೆಂಚ್ ಇದ್ದೂ ಕೈಯಂದಾಜಿನಲ್ಲಿ ತಿರುಗಿಸಿದೆ.

ಜೋಡಿಸುವ ಮುಂಚೆ ಎಲ್ಲವನ್ನೂ ಒಂದೇ ಮಟ್ಟಕ್ಕೆ ತರಬೇಕು. ಮೊದಲು ಸಾಲಾಗಿ ಕಟ್ಟಿ ಚಾರ್ಜರ್‌ನಲ್ಲೇ ಮುಕ್ಕಾಲು ತುಂಬಿಸಿ, ಆಮೇಲೆ ಹದಿನಾರನ್ನೂ ಪ್ಯಾರಲಲ್ (ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್) ಮಾಡಿ 3.65 ವೋಲ್ಟಿಗೆ ಇಟ್ಟ ಪವರ್ ಸಪ್ಲೈಗೆ ಬಿಟ್ಟೆ. ಮೊದಲಿಂದಲೇ ಪ್ಯಾರಲಲ್‌ನಲ್ಲಿ ಚಿಕ್ಕ ಸಪ್ಲೈ ಹಾಕಿದರೆ ವಾರಗಟ್ಟಲೆ ಕಾಯಬೇಕು.

ಒಬ್ಬರು ಪರಿಚಯದವರು, "13 ಎನ್ಎಂಸಿ ಸೆಲ್ ಹಾಕಿದರೂ 48 ವೋಲ್ಟೇ ಅಲ್ವಾ, ಹಗುರ" ಅಂದರು. ಎನ್ಎಂಸಿ ಅಂದರೆ ಇನ್ನೊಂದು ಜಾತಿಯ ಲಿಥಿಯಂ ಸೆಲ್. ಬೇಡವೇ ಬೇಡ. ನನ್ನ ಚಾರ್ಜರ್ 58.4 ವೋಲ್ಟಿನವರೆಗೆ ತುಂಬುತ್ತದೆ, ಹದಿಮೂರಕ್ಕೆ ಭಾಗಿಸಿದರೆ ಸೆಲ್ಲಿಗೆ ಸುಮಾರು 4.5 ವೋಲ್ಟ್. ಎನ್ಎಂಸಿಯ ಮಿತಿ 4.2. ಬಿಎಂಎಸ್ ಒಂದು ಸಲ ಕೈಕೊಟ್ಟರೆ ಮನೆ ಮುಂದೆ ಬೆಂಕಿ.

ಇದನ್ನೆಲ್ಲ ಓದಿ ಈಗಿನ ಕಾರು ಬಿಚ್ಚಲು ಹೋಗಬೇಡಿ. ಅವುಗಳಲ್ಲಿ ಎಷ್ಟೋ ಕಾರುಗಳಲ್ಲಿ 300 ವೋಲ್ಟಿಗೂ ಮೇಲೆ ಇರುತ್ತದೆ, ಕೈ ಇಟ್ಟರೆ ಎರಡನೇ ಅವಕಾಶ ಸಿಗಲ್ಲ. ಬ್ಯಾಟರಿಗೆ ಎಂಟು ವರ್ಷ, 1.6 ಲಕ್ಷ ಕಿಮೀ ವಾರಂಟಿ ಇರುವ ಕಾರು ಎಷ್ಟೋ ಇವೆ, ಸೀಲ್ ಒಡೆದರೆ ಅದೂ ಹೋಯಿತು. ನಿಮ್ಮ ಕೆಲಸ ಒಂದೇ, ಪ್ರತಿ ಸೆಲ್ಲಿನ ವೋಲ್ಟೇಜ್ ಲೋಡಿನಲ್ಲಿ ಎಷ್ಟಿದೆ ಅಂತ ರಿಪೋರ್ಟ್ ಕೇಳಿ. ಒಂದೆರಡು ಮಾತ್ರ ಬಿದ್ದಿದ್ದರೆ ಆ ಮಾಡ್ಯೂಲ್ (ಸೆಲ್‌ಗಳ ಗುಂಪು) ಮಾತ್ರ ಬದಲಾಯಿಸಿಕೊಡುತ್ತೀರಾ ಅಂತ ಕೇಳಿ. ಹಾಂ, ಅದಕ್ಕೂ ಮುಂಚೆ ಬಾನೆಟ್ ಕೆಳಗಿನ 12 ವೋಲ್ಟಿನ ಸಣ್ಣ ಬ್ಯಾಟರಿ ನೋಡಿಸಿ. ಕಾರು ಆನ್ ಆಗ್ತಿಲ್ಲ ಅಂತ ಬಂದವರಲ್ಲಿ ಇಬ್ಬರದ್ದು ಬರೀ ಅದೇ ಆಗಿತ್ತು.

ಈಗ ರೇವಾ 120 ಕಿಮೀ ಓಡುತ್ತದೆ. ತೆಗೆದ ಹಳೇ ಸೆಲ್ಲುಗಳಲ್ಲಿ ಚೆನ್ನಾಗಿದ್ದ ಎಂಟನ್ನು 24 ವೋಲ್ಟಿನ ಇನ್ವರ್ಟರಿಗೆ ಕಟ್ಟಿ ಊರಿನಲ್ಲಿ ಅಮ್ಮನ ಮನೆಗೆ ಕೊಟ್ಟೆ. ಕಾರಿಗೆ ಆಗದ ಸೆಲ್ಲಿಗೆ ಎರಡು ಫ್ಯಾನು, ನಾಲ್ಕು ಲೈಟು ಏನು ಮಹಾ. ಕರೆಂಟ್ ಹೋಗಿದ್ದು ಪಕ್ಕದ ಮನೆಯವರು ಹೇಳಿದಾಗಲೇ ಗೊತ್ತಾಗೋದು ಅಂತಾರೆ ಅಮ್ಮ.