ತಿರುವಿಗೆ ಮೊದಲೇ ಬೆಲ್ ಹೊಡೆಯಿರಿ
ಮೂಡಿಗೆರೆ, ಕೊಪ್ಪ ಕಡೆಯ ತೋಟದ ರಸ್ತೆಗಳಲ್ಲಿ ಮುಂಜಾನೆ ಸೈಕಲ್ ತುಳಿಯುವವರು, ಮುಂದೆ ಕಾಣದ ತಿರುವು ಬಂದರೆ 30-40 ಮೀಟರ್ ಮೊದಲೇ ಬೆಲ್ ಹೊಡೆಯುತ್ತಾ ಹೋಗಿ. ಜೋರಾಗಿ ಮಾತಾಡಿದರೂ ಸರಿ. ಸೈಕಲ್‌ಗೆ ಸದ್ದಿಲ್ಲ ಅಲ್ವಾ, ತೀರಾ ಹತ್ತಿರ ಬರುವವರೆಗೂ ಕಾಟಿಗೆ (ಕಾಡುಕೋಣಕ್ಕೆ), ಕಾಡುಹಂದಿಗೆ ಗೊತ್ತೇ ಆಗುವುದಿಲ್ಲ. ಅವು ಮೇಲೆ ನುಗ್ಗುವುದು ಗಾಬರಿಯಾದಾಗಲೇ ಜಾಸ್ತಿ. ದೂರದಿಂದ ಸದ್ದು ಕೇಳಿದರೆ ಸಾಮಾನ್ಯವಾಗಿ ತಾವೇ ತೋಟದೊಳಗೆ ಸರಿಯುತ್ತವೆ. ಜೋರು ಮಳೆಯಲ್ಲಿ, ತುಂಬಿ ಹರಿಯುವ ಹಳ್ಳದ ಪಕ್ಕ ಬೆಲ್ ಕೇಳಿಸುವುದಿಲ್ಲ, ಅಲ್ಲಿ ನಿಧಾನವಾಗಿಯೇ ಹೋಗಬೇಕು. ಮರಿ ಜೊತೆಗಿದ್ದರೆ ಹಂದಿ ಜಾಗ ಬಿಡದೆಯೂ ಇರಬಹುದು. ಆನೆ ಕಂಡರೆ ಮಾತ್ರ ಇದು ಬೇಡವೇ ಬೇಡ. ಬೆಲ್ ಮುಟ್ಟದೆ, ಸುಮ್ನೆ ಸೈಕಲ್ ತಿರುಗಿಸಿ ಬಂದ ದಾರಿಯಲ್ಲೇ ವಾಪಸ್ ಹೋಗಿ. ರಸ್ತೆಯಲ್ಲಿ ಹಸಿ ಲದ್ದಿ ಕಂಡರೂ ಅಷ್ಟೇ.