ಸುತ್ತಿಗೊಮ್ಮೆ ಮುಗ್ಗರಿಸುತ್ತಿದ್ದ ಉಗಿ ಎಂಜಿನ್

ನನ್ನ ಓಓ ಗೇಜಿನ (ಪುಟ್ಟ ಮಾದರಿ ರೈಲುಗಳ ಒಂದು ಅಳತೆ) ಮಾದರಿ ಉಗಿ ಎಂಜಿನ್ ವೇಗದಲ್ಲಿ ಚೆನ್ನಾಗಿಯೇ ಓಡುತ್ತಿತ್ತು, ನಿಧಾನಿಸಿದರೆ ಕುಂಟುತ್ತಿತ್ತು. ಒಳಗಿರುವುದು ಉಗಿಯಲ್ಲ, 12 ವೋಲ್ಟಿನ ಡಿ.ಸಿ. ಮೋಟಾರು. ಅದಕ್ಕೆ ವಿದ್ಯುತ್ತು ಬರುವುದು ಹಳಿಯಿಂದ ಚಕ್ರಗಳ ಮೂಲಕ, ಹಾಗಾಗಿ ಎಲ್ಲರೂ ಮೊದಲು ದೂರುವುದು ಕೊಳೆಯನ್ನು. 16.5 ಮಿ.ಮೀ. ಅಂತರದ ಹಳಿಯನ್ನೂ ಚಕ್ರಗಳನ್ನೂ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿದೆ. ಬಟ್ಟೆ ಕಪ್ಪಾಯಿತು, ಕುಂಟು ಹೋಗಲಿಲ್ಲ.

ಕೊಳೆಯ ತಡೆಗೆ ಹೊತ್ತುಗೊತ್ತಿಲ್ಲ. ಇದೋ, ಚಕ್ರ ಒಂದು ಸುತ್ತು ಮುಗಿಸಿದಾಗಲೆಲ್ಲ ತಪ್ಪದೆ ಬರುತ್ತಿತ್ತು. ಚಕ್ರಗಳನ್ನು ಜೋಡಿಸುವ ಸರಳುಗಳನ್ನು ಬಿಚ್ಚಿ ಬರೀ ಮೋಟಾರು ಓಡಿಸಿದರೆ ಬೆಣ್ಣೆಯಂತೆ ತಿರುಗಿತು. ಅಂದರೆ ಕಳ್ಳ ಮೋಟಾರಿನಲ್ಲಿಲ್ಲ, ಸರಳು-ಚಕ್ರಗಳ ಜೋಡಣೆಯಲ್ಲಿದ್ದಾನೆ.

ಎಡ ಮತ್ತು ಬಲ ಚಕ್ರಗಳ ಕ್ರ್ಯಾಂಕ್ ಪಿನ್ನುಗಳ (ಸರಳು ಸಿಕ್ಕಿಸುವ ಮೊಳೆಗಳ) ನಡುವೆ 90 ಡಿಗ್ರಿ ಕೋನವಿರಬೇಕು, ಎಲ್ಲ ಅಚ್ಚುಗಳಲ್ಲೂ ಅದು ಒಂದೇ ಸಮನಾಗಿರಬೇಕು. ಹಿಂದಿನ ಅಚ್ಚಿನ ಬಲಚಕ್ರ ಕೂದಲೆಳೆಯಷ್ಟು ಜಾರಿತ್ತು. ಅಡ್ಡಲಾಗಿ ಹಿಡಿದು ಚಕ್ರದ ಕಡ್ಡಿಗಳ ಸಾಲು ನೋಡಿದಾಗ ಮಾತ್ರ ಅದು ಕಂಡಿತು. ಅಚ್ಚನ್ನು ಬಿಗಿಯಾಗಿ ಹಿಡಿದು ಚಕ್ರವನ್ನು ತುಸುತುಸುವೇ ತಿರುಚಿದೆ, ಸರಳು ಹಾಕಿ ಕೈಯಲ್ಲೇ ಉರುಳಿಸಿ ನೋಡಿದೆ, ಮತ್ತೆ ತಿರುಚಿದೆ.

ಸರಳಿನ ತೂತನ್ನೇ ಅಗಲಿಸುವ ಸಲಹೆಯೂ ಉಂಟು. ನನಗದು ಒಪ್ಪಿಗೆಯಿಲ್ಲ, ಆಮೇಲೆ ಎಂಜಿನ್ ಲಟಲಟ ಎನ್ನುತ್ತದೆ. ಪ್ರತಿ ಪಿನ್ನಿಗೂ ಸೂಜಿಮೊನೆಯಷ್ಟು ತೆಳು ಎಣ್ಣೆ ಸಾಕು.